ಲಾರಿ ಅಪಘಾತ: ಆಸ್ಪತ್ರೆಯ ಮೊದಲ ದಿನದಿಂದ ಪರಿಹಾರದ ಹಣ ಕೈಸೇರುವವರೆಗೆ

ಲಾರಿ ಗುದ್ದಿದ ಕೇಸುಗಳಲ್ಲಿ ಪರಿಹಾರದ ಅರ್ಜಿ ಬಿದ್ದುಹೋಗುವುದು ಮತ್ತೆ ಮತ್ತೆ ಅವೇ ಕಾರಣಗಳಿಗೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ತಪ್ಪಾಗಿ ಬರೆಸಿರುತ್ತಾರೆ. ಠಾಣೆಗೆ ಹದಿನೈದು ದಿನ ಬಿಟ್ಟು ಹೋಗಿರುತ್ತಾರೆ. ಲಾರಿಯ ಪೇಪರುಗಳನ್ನು ಯಾರೂ ನೋಡಿರುವುದಿಲ್ಲ. "ಕ್ರಿಮಿನಲ್ ಕೇಸು ಮುಗಿಯಲಿ, ಆಮೇಲೆ ನೋಡೋಣ" ಅಂತ ಕೂತು ಆರು ತಿಂಗಳು ಕಳೆದಿರುತ್ತಾರೆ. ಇವೆಲ್ಲ ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಆಗಿಹೋಗುವ ತಪ್ಪುಗಳು. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೊದಲ ತಿಂಗಳಿಗೇ ಹೆಚ್ಚು ಜಾಗ.

ಇಲ್ಲಿ ಹೇಳಿರುವುದು ಕರ್ನಾಟಕದಲ್ಲಿ ನಡೆಯುವ ಕ್ರಮ. ಆಧಾರ 1988ರ ಮೋಟಾರು ವಾಹನ ಕಾಯ್ದೆ. ಅದಕ್ಕೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಪರಿಹಾರಕ್ಕೆ ಸಂಬಂಧಿಸಿದ ಭಾಗ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. ಅದಕ್ಕೂ ಹಿಂದೆ ನಡೆದ ಅಪಘಾತವಾದರೆ ಗಡುವು, ಮೊತ್ತ ಎರಡೂ ಬೇರೆ.

## ಮೊದಲು, ನಿಮ್ಮದು ಯಾವ ದಾರಿ?

ಒಂದೇ ಅಪಘಾತಕ್ಕೆ ನಾಲ್ಕು ದಾರಿಗಳಿವೆ. ತಪ್ಪು ದಾರಿ ಹಿಡಿದರೆ ಲಕ್ಷಗಳಲ್ಲಿ ನಷ್ಟ.

ಲಾರಿ ಚಾಲಕನ ತಪ್ಪಿದೆ, ಲಾರಿ ಯಾವುದೆಂದು ಗೊತ್ತಿದೆ ಎಂದಾದರೆ ಕಲಂ 166. ಇದರಲ್ಲಿ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಆದರೆ ಚಾಲಕನ ನಿರ್ಲಕ್ಷ್ಯವನ್ನು ನೀವು ತೋರಿಸಬೇಕು.

ತಪ್ಪು ಯಾರದೆಂದು ಸಾಬೀತು ಮಾಡುವುದು ಕಷ್ಟ, ಅಥವಾ ತಪ್ಪು ನಿಮ್ಮ ಕಡೆಯವರದೇ ಎಂದಾದರೆ ಕಲಂ 164. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಯಾರ ತಪ್ಪೆಂದು ಇಲ್ಲಿ ಕೇಳುವುದಿಲ್ಲ. ಬೇಗ ಸಿಗುತ್ತದೆ ಎಂಬ ಆಸೆಗೆ ಗಟ್ಟಿ ಕೇಸನ್ನು 164ರಲ್ಲಿ ಮುಗಿಸಿಕೊಂಡು ಆಮೇಲೆ ಕೈ ಹಿಸುಕಿಕೊಳ್ಳುವವರು ಬಹಳ.

ಗುದ್ದಿದ ಲಾರಿ ನಿಲ್ಲಿಸದೆ ಹೋಗಿದೆ, ನಂಬರು ಪತ್ತೆಯೇ ಆಗಿಲ್ಲ ಎಂದಾದರೆ ಕಲಂ 161ರ ಹಿಟ್ ಅಂಡ್ ರನ್ ಯೋಜನೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ತಾಲೂಕು ಮಟ್ಟದ ಕಂದಾಯ ಅಧಿಕಾರಿಗೆ ಅರ್ಜಿ ಕೊಟ್ಟರೆ ಅದು ಜಿಲ್ಲಾಧಿಕಾರಿಯ ಮಂಜೂರಾತಿಗೆ ಹೋಗುತ್ತದೆ.

ಸತ್ತವರು ಅಥವಾ ಗಾಯಗೊಂಡವರು ಅದೇ ಲಾರಿಯ ಡ್ರೈವರ್, ಕ್ಲೀನರ್ ಅಥವಾ ಹಮಾಲಿಯಾಗಿದ್ದರೆ 1923ರ ನೌಕರರ ಪರಿಹಾರ ಕಾಯ್ದೆಯ (2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯ) ದಾರಿಯೂ ಇದೆ. ಅಲ್ಲಿ ನಿರ್ಲಕ್ಷ್ಯ ತೋರಿಸಬೇಕಾಗಿಲ್ಲ, ಕೆಲಸದ ಮೇಲಿದ್ದರು ಎಂಬುದು ಸಾಬೀತಾದರೆ ಸಾಕು. ಎರಡೂ ಕಾಯ್ದೆಯಡಿ ಹಕ್ಕಿದ್ದರೆ ಒಂದನ್ನೇ ಆರಿಸಿಕೊಳ್ಳಬೇಕು ಎನ್ನುತ್ತದೆ ಕಲಂ 167. ತಮ್ಮದೇ ತಪ್ಪಿನಿಂದ ಲಾರಿ ಪಲ್ಟಿಯಾಗಿ ಸತ್ತ ಡ್ರೈವರನ ಮನೆಯವರಿಗೆ ಸಾಮಾನ್ಯವಾಗಿ ಈ ದಾರಿಯೇ ಸರಿ.

ಲಾರಿಯ ಮೇಲೆ "ಸುಮ್ಮನೆ" ಕೂತು ಬರುತ್ತಿದ್ದವರದು ಬೇರೆಯೇ ಕಥೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯಾಗಿ ಹೋಗುತ್ತಿದ್ದರೆ ವಿಮೆ ಇದೆ. ಮದುವೆಗೋ ಜಾತ್ರೆಗೋ ಹತ್ತಿದವರ ಹೊಣೆ ವಿಮಾ ಕಂಪನಿಯ ಮೇಲೆ ಬೀಳುವುದಿಲ್ಲ ಎಂಬುದು ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮ. ಸಂತೆಗೆ ಟೊಮೆಟೊ ಒಯ್ಯುತ್ತಿದ್ದ ರೈತ ತನ್ನ ಮಾಲಿನ ಜೊತೆಗಿದ್ದ ಎನ್ನುವುದಕ್ಕೆ ಮಂಡಿ ಚೀಟಿ ಅಥವಾ ಬಾಡಿಗೆ ರಸೀದಿ ಬೇಕು. ಮೊದಲ ಹೇಳಿಕೆಯಲ್ಲೇ ಆ ಮಾತು ಬಂದಿರಬೇಕು.

## ಹಂತ 1: ಮೊದಲ 48 ಗಂಟೆ — ಆಸ್ಪತ್ರೆಯ ಒಂದು ಸಾಲು

ತುರ್ತು ವಿಭಾಗಕ್ಕೆ ಗಾಯಾಳುವನ್ನು ತಂದಾಗ ಡ್ಯೂಟಿ ಡಾಕ್ಟರು ಎಂಎಲ್‌ಸಿ (ಪೊಲೀಸ್ ಕೇಸಾಗುವ ಗಾಯಗಳ) ರಿಜಿಸ್ಟರಿನಲ್ಲಿ "ಹೇಗಾಯಿತು" ಎಂದು ಒಂದು ಸಾಲು ಬರೆಯುತ್ತಾರೆ. ಇಡೀ ಕೇಸು ಆ ಸಾಲಿನ ಮೇಲೆ ನಿಂತಿರುತ್ತದೆ. ಕರೆತಂದವರು ಗಾಬರಿಯಲ್ಲಿ "ಬೈಕಿಂದ ಬಿದ್ರು" ಅಂದರೆ ಹಾಗೇ ಬರೆಯುತ್ತಾರೆ. ಎರಡು ವರ್ಷದ ನಂತರ ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆ ಪುಟ ತೆಗೆದು, "ಇದರಲ್ಲಿ ಲಾರಿ ಅನ್ನೋ ಪದವೇ ಇಲ್ಲವಲ್ಲಾ? ನೀವೇ ಸ್ಕಿಡ್ ಆಗಿ ಬಿದ್ದು, ಆಮೇಲೆ ಲಾರಿ ಸೇರಿಸಿದ್ದೀರಿ ಅಂದರೆ ಸರೀನಾ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ.

ಆದ್ದರಿಂದ ನಡೆದದ್ದನ್ನೇ, ಗೊತ್ತಿರುವಷ್ಟನ್ನೇ ಹೇಳಿ ಬರೆಸಿ: ಲಾರಿ ಡಿಕ್ಕಿ, ಸ್ಥಳ, ಸಮಯ, ನಂಬರು ಗೊತ್ತಿದ್ದರೆ ನಂಬರು. ನಂಬರು ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿ. "ಲಾರಿ, ನಂಬರು ನೋಡಲಾಗಲಿಲ್ಲ" ಎಂದು ಬರೆಸಿದರೆ ನಂತರ ನಂಬರು ಸಿಕ್ಕಾಗ ವಿರೋಧಾಭಾಸ ಬರುವುದಿಲ್ಲ. ಸಣ್ಣ ನರ್ಸಿಂಗ್ ಹೋಮಿನಿಂದ ದೊಡ್ಡಾಸ್ಪತ್ರೆಗೆ ಕಳಿಸಿದರೆ ಎರಡೂ ಕಡೆ ಒಂದೇ ವಿವರ ಇದೆಯೇ ನೋಡಿ. ಮೊದಲ ಆಸ್ಪತ್ರೆಯ ರೆಫರಲ್ ಚೀಟಿ ಕಳೆಯಬೇಡಿ.

ಚಿಕಿತ್ಸೆಯ ಹಣಕ್ಕೆ: 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ದಾಖಲು ಮಾಡುವಾಗಲೇ ಕೇಳಿ.

ಠಾಣೆಗೆ ಅದೇ ದಿನ ಅಥವಾ ಮರುದಿನ ದೂರು ಕೊಡಿ. ಗಾಯಾಳುವೇ ಹೋಗಬೇಕೆಂದಿಲ್ಲ, ಮನೆಯವರು ಕೊಡಬಹುದು. ಪ್ರಾಣ ಉಳಿಸುವ ಓಡಾಟದಲ್ಲಿ ತಡವಾದರೆ ಕೇಸೇನೂ ಸಾಯುವುದಿಲ್ಲ. ಆದರೆ ತಡವಾದ ಕಾರಣ ದೂರಿನಲ್ಲೇ ಒಂದು ಸಾಲಿನಲ್ಲಿ ಇರಬೇಕು. 2024ರ ಜುಲೈ 1ರ ನಂತರದ ಪ್ರಕರಣಗಳಲ್ಲಿ ಎಫ್‌ಐಆರ್ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281, 125(ಎ) ಅಥವಾ 125(ಬಿ), ಸಾವಾದರೆ 106(1) ಕಲಂಗಳು ಕಾಣುತ್ತವೆ.

ಈ ಹಂತದಲ್ಲಿ ಎಚ್ಚರಿಕೆಯ ಗಂಟೆಗಳು ಮೂರು. ಲಾರಿ ಮಾಲೀಕನ ಕಡೆಯವರು ಬಂದು "ಆಸ್ಪತ್ರೆ ಖರ್ಚು ನಾವು ನೋಡ್ಕೋತೀವಿ, ಕೇಸು ಬೇಡ" ಎನ್ನುವುದು ಮೊದಲನೆಯದು. ನಾಲ್ಕು ದಿನದ ನಂತರ ಫೋನು ಸ್ವಿಚ್ ಆಫ್ ಆಗಿರುತ್ತದೆ. ವಿಮಾ ಕಂಪನಿಯ ತನಿಖೆಯವನೆಂದು ಹೇಳಿಕೊಂಡು ವಾರ್ಡಿಗೆ ಬಂದು ಖಾಲಿ ಹಾಳೆಗೋ, ಓದಲಾಗದ ಹೇಳಿಕೆಗೋ ಸಹಿ ಕೇಳುವುದು ಎರಡನೆಯದು. ಮೂರನೆಯದು, "ಲಾರಿ ಸಿಗಲಿಲ್ಲ ಅಂದ್ರೆ ಬೇರೆ ಗಾಡಿ ಸೇರಿಸೋಣ" ಎನ್ನುವ ದಲ್ಲಾಳಿ. ಅದು ವಂಚನೆ. ಸಿಕ್ಕಿಬಿದ್ದರೆ ಪರಿಹಾರ ಹೋಗುವುದಷ್ಟೇ ಅಲ್ಲ, ನಿಮ್ಮ ಮೇಲೇ ಕ್ರಿಮಿನಲ್ ಕೇಸು ಬೀಳುತ್ತದೆ.

ಗಾಯಾಳು ವಾರಗಟ್ಟಲೆ ಚಿಕಿತ್ಸೆ ಪಡೆದು ತೀರಿಕೊಂಡರೆ ಒಂದು ಕೆಲಸ ಮರೆಯಲೇಬಾರದು: ಠಾಣೆಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಿ. "ಇನ್ನು ಆಗಲ್ಲ, ಮನೆಗೆ ಕರ್ಕೊಂಡ್ಹೋಗಿ" ಅಂದಾಗ ಮನೆಗೆ ತಂದು, ಪ್ರಾಣ ಹೋದ ಮೇಲೆ ಹಾಗೇ ಸಂಸ್ಕಾರ ಮಾಡಿಬಿಟ್ಟರೆ, ಸಾವಿಗೂ ಅಪಘಾತಕ್ಕೂ ಸಂಬಂಧ ತೋರಿಸುವ ಕಾಗದವೇ ಇರುವುದಿಲ್ಲ. ಸಾವಿನ ಕೇಸು ಗಾಯದ ಕೇಸಾಗಿ ಕುಗ್ಗಿಬಿಡುತ್ತದೆ.

## ಹಂತ 2: ಮೊದಲ ವಾರ — ಸ್ಥಳದ ಸಾಕ್ಷ್ಯ

ಮೊಬೈಲಿನಲ್ಲಿ ತೆಗೆಯಬೇಕಾದ್ದು: ಲಾರಿಯ ಮುಂದಿನ ಹಾಗೂ ಹಿಂದಿನ ನಂಬರು, ಗುದ್ದಿದ ಭಾಗ, ಬ್ರೇಕಿನ ಗುರುತು, ರಸ್ತೆಯ ಅಗಲ ಕಾಣುವಂಥ ಒಂದು ಚಿತ್ರ, ಹಿಂಬದಿಯ ದೀಪ, ಪ್ರತಿಫಲಕ ಪಟ್ಟಿ, ಬಾಗಿಲ ಮೇಲೆ ಬರೆದ ಟ್ರಾನ್ಸ್‌ಪೋರ್ಟ್ ಹೆಸರು. ಟ್ರೇಲರ್ ಆಗಿದ್ದರೆ ಎಳೆಯುವ ಎಂಜಿನ್ ಗಾಡಿಯ ನಂಬರೂ ಬೇಕು, ಹಿಂದಿನ ಟ್ರೇಲರಿನ ನಂಬರೂ ಬೇಕು. ಅವೆರಡಕ್ಕೂ ಪ್ರತ್ಯೇಕ ನೋಂದಣಿ, ಪ್ರತ್ಯೇಕ ವಿಮೆ ಇರಬಹುದು. ಕಬ್ಬಿನ ಸೀಸನ್ನಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ದೀಪವಿಲ್ಲದೆ ಹೋಗುವ ಗಾಡಿಗಳಿಗೂ ಇದೇ ಮಾತು.

ಸಿಸಿಟಿವಿ ಚಿತ್ರಿಕೆ ಬಹುಕಾಲ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಅಚ್ಚಾಗುತ್ತ ಹೋಗುತ್ತದೆ. ಪೆಟ್ರೋಲ್ ಬಂಕು, ಡಾಬಾ, ಟೋಲ್ ಪ್ಲಾಜಾ ಎಲ್ಲಿ ಕ್ಯಾಮೆರಾ ಇದೆ ಎಂದು ಪಟ್ಟಿ ಮಾಡಿ, "ಇವುಗಳ ಚಿತ್ರಿಕೆ ವಶಪಡಿಸಿಕೊಳ್ಳಿ" ಎಂದು ತನಿಖಾಧಿಕಾರಿಗೆ ಬರವಣಿಗೆಯಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಂಬರು ಸಿಗದೆ ಹೋದ ಲಾರಿಗಳನ್ನು ಪತ್ತೆ ಮಾಡಲು ಟೋಲ್ ಕ್ಯಾಮೆರಾ, ಫಾಸ್ಟ್ಯಾಗ್ ದಾಖಲೆಗಳಷ್ಟು ಉಪಯೋಗದ್ದು ಬೇರೊಂದಿಲ್ಲ.

ಸ್ಥಳ ಮಹಜರು ಮತ್ತು ನಕಾಶೆ ಬರೆಯುವಾಗ ಮನೆಯವರೊಬ್ಬರು ಅಲ್ಲಿರಲಿ. ನಕಾಶೆಯನ್ನು ಓದುವುದು ಹೀಗೆ: ರಸ್ತೆ 24 ಅಡಿ ಅಗಲ ಎಂದುಕೊಳ್ಳಿ, ಒಬ್ಬೊಬ್ಬರಿಗೆ 12 ಅಡಿ. ಡಿಕ್ಕಿಯಾದ ಜಾಗ ಬೈಕಿನವರ ಎಡ ಅಂಚಿನಿಂದ 5 ಅಡಿ ಒಳಗೆ ಎಂದಿದ್ದರೆ ಎದುರಿಂದ ಬಂದ ಲಾರಿ ನಡುಗೆರೆ ದಾಟಿ ಬಂದಿದೆ ಎಂದರ್ಥ. ಅದೇ ಜಾಗವನ್ನು "ರಸ್ತೆ ಮಧ್ಯೆ" ಎಂದು ಬರೆದುಬಿಟ್ಟರೆ ನಿಮ್ಮ ಪಾಲಿನ ತಪ್ಪೂ ಇದೆ ಎಂದು ಪರಿಹಾರದಲ್ಲಿ ಕಾಲು ಭಾಗವೋ ಅರ್ಧವೋ ಕತ್ತರಿಸಲು ದಾರಿಯಾಗುತ್ತದೆ. ಅಳತೆ ಹಾಕದ ನಕಾಶೆಯನ್ನು ಒಪ್ಪಬೇಡಿ.

ನಿಂತ ಲಾರಿಗೆ ಹಿಂದಿನಿಂದ ಗುದ್ದಿದ ಕೇಸುಗಳಲ್ಲಿ ಪೊಲೀಸರು ಸಾಮಾನ್ಯವಾಗಿ ಗುದ್ದಿದವರ ಮೇಲೇ ತಪ್ಪು ಹಾಕುತ್ತಾರೆ. ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಪಾರ್ಕಿಂಗ್ ಲೈಟ್ ಹಾಕದೆ, ಎಚ್ಚರಿಕೆಯ ತ್ರಿಕೋನ ಇಡದೆ ಲಾರಿ ನಿಲ್ಲಿಸುವುದು ಲಾರಿಯವರ ತಪ್ಪು. ಅದು ಸಾಬೀತಾಗಬೇಕಾದರೆ ದೀಪ, ಪ್ರತಿಫಲಕ ಇರಲಿಲ್ಲ ಎಂಬುದು ಆ ರಾತ್ರಿಯ ಫೋಟೊದಲ್ಲೋ, ಮಹಜರಿನಲ್ಲೋ, ವಾಹನ ತಪಾಸಣಾ ವರದಿಯಲ್ಲೋ ದಾಖಲಾಗಿರಬೇಕು. ಬೆಳಗಾದ ಮೇಲೆ ಲಾರಿಗೆ ಹೊಸ ರೇಡಿಯಂ ಪಟ್ಟಿ ಅಂಟಿಸುವುದು ಐದು ನಿಮಿಷದ ಕೆಲಸ.

## ಹಂತ 3: ಲಾರಿಯ ಜಾತಕ

ಕಾರಿನ ಕೇಸಿಗೂ ಲಾರಿ ಕೇಸಿಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಲಾರಿಗೆ ಆರ್‌ಸಿ, ವಿಮೆಯ ಜೊತೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಬೇಕು, ಪರ್ಮಿಟ್ ಬೇಕು, ಚಾಲಕನಿಗೆ ಆ ದರ್ಜೆಯ ಲೈಸೆನ್ಸ್ ಬೇಕು. ಅನಿಲ, ಇಂಧನ, ರಾಸಾಯನಿಕ ಸಾಗಿಸುವ ಟ್ಯಾಂಕರಾದರೆ ಅಪಾಯಕಾರಿ ಸರಕಿನ ತರಬೇತಿಯ ನಮೂದೂ ಲೈಸೆನ್ಸಿನಲ್ಲಿರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ "ಪಾಲಿಸಿಯ ಷರತ್ತು ಮುರಿದಿದೆ, ನಾವು ಕೊಡುವುದಿಲ್ಲ" ಎಂದು ವಿಮಾ ಕಂಪನಿ ಆಕ್ಷೇಪಣೆ ಹಾಕುತ್ತದೆ.

ಪರಿವಾಹನ್ ಜಾಲತಾಣ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ಎಫ್‌ಸಿ, ವಿಮೆ, ಪರ್ಮಿಟ್ ಯಾವ ದಿನಾಂಕದವರೆಗೆ ಇವೆ ಎಂದು ನೋಡಿ, ಅಂದೇ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಖ್ಯವಾಗಿ ನೋಡಬೇಕಾದ್ದು ಅಪಘಾತದ ದಿನ ಪಾಲಿಸಿ ಜಾರಿಯಲ್ಲಿತ್ತೇ ಎಂಬುದು. ಅಪಘಾತವಾದ ಮೇಲೆ ಓಡಿಹೋಗಿ ವಿಮೆ ಮಾಡಿಸುವವರಿದ್ದಾರೆ. ಪಾಲಿಸಿ ಅದೇ ದಿನದ್ದಾಗಿದ್ದರೆ ಎಷ್ಟು ಗಂಟೆಗೆ ಶುರುವಾಗಿದೆ ಎಂಬುದೂ ಪ್ರಶ್ನೆಯಾಗುತ್ತದೆ.

ಲೈಸೆನ್ಸಿನ ಬಗ್ಗೆ ಒಂದು ಒಳ್ಳೆಯ ಸುದ್ದಿ: ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗಳನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ನಮೂದು ಇಲ್ಲದೆಯೂ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಊರೊಳಗೆ ಓಡಾಡುವ ಸಣ್ಣ ಗೂಡ್ಸ್ ಗಾಡಿಗಳ ಕೇಸಿನಲ್ಲಿ ವಿಮೆಯವರ ಹಳೆಯ ತಕರಾರು ಇದರಿಂದ ಬಿದ್ದುಹೋಗಿದೆ. ಹತ್ತು ಚಕ್ರದ ಲಾರಿಗೆ ಇದು ಅನ್ವಯಿಸುವುದಿಲ್ಲ.

ಷರತ್ತು ಮುರಿದಿದ್ದರೂ ಗಾಬರಿ ಬೇಡ. ಇಂಥ ಕಡೆ "ಮೊದಲು ವಿಮಾ ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ" ಎಂದು ನ್ಯಾಯಮಂಡಳಿ (ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ಕೋರ್ಟು) ಆದೇಶಿಸಬಹುದು. ಕೋರ್ಟಿನಲ್ಲಿ ಇದನ್ನು ಪೇ ಅಂಡ್ ರಿಕವರಿ ಎನ್ನುತ್ತಾರೆ. ಅರ್ಜಿಯಲ್ಲೇ ಈ ಬೇಡಿಕೆ ಸೇರಿಸಲು ವಕೀಲರಿಗೆ ಹೇಳಿ.

ವಿಮೆಯೇ ಇಲ್ಲದಿದ್ದರೆ? ಆಗ ಮಾಲೀಕನೇ ಕೊಡಬೇಕು, ಅವನ ಕೈಯಲ್ಲಿ ಏನಿದೆ ಎಂಬುದೇ ಪ್ರಶ್ನೆ. ಠಾಣೆಯಲ್ಲಿ ನಿಂತಿರುವ ಲಾರಿ ಬಿಡಿಸಿಕೊಳ್ಳಲು ಅವನು ಕೋರ್ಟಿಗೆ ಬಂದೇ ಬರುತ್ತಾನೆ. ಬಿಡುಗಡೆಯಾಗುವ ಮೊದಲೇ ವಿಮೆ ಇಲ್ಲವೆಂದು ಆಕ್ಷೇಪ ಹಾಕಿ ಭದ್ರತೆ ಕೇಳಿ. ಲಾರಿ ಗುಜರಿಗೆ ಹೋದ ಮೇಲೆ ಅವಾರ್ಡು (ಪರಿಹಾರದ ಆದೇಶ) ಬರೀ ಕಾಗದ.

## ಹಂತ 4: ಪೊಲೀಸ್ ದಾಖಲೆಗಳ ಕಟ್ಟು

2022ರ ಏಪ್ರಿಲಿನಿಂದ ಪೊಲೀಸರಿಗೂ ಗಡುವು ಇದೆ. ಮೊದಲ ಅಪಘಾತ ವರದಿ 48 ಗಂಟೆಯೊಳಗೆ, ಮಧ್ಯಂತರ ವರದಿ 50 ದಿನದೊಳಗೆ, ವಿವರವಾದ ವರದಿ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಸಂತ್ರಸ್ತರು ತಮ್ಮ ವಿವರಗಳನ್ನು ನಮೂನೆ 6ರಲ್ಲಿ ತುಂಬಿಕೊಡಬೇಕು. ಆ ಫಾರಂ ಕೊಡಿ ಎಂದು ನೀವೇ ಕೇಳಿ. ನಿಯಮದಲ್ಲಿ ಇರುವಷ್ಟು ಚುರುಕಾಗಿ ಠಾಣೆಯಲ್ಲಿ ಕೆಲಸ ನಡೆಯುತ್ತದೆ ಎಂದು ನಂಬಿ ಕೂರಬೇಡಿ.

ನಿಮ್ಮ ಫೈಲಿನಲ್ಲಿ ಇರಬೇಕಾದ್ದು: ದೂರು ಮತ್ತು ಎಫ್‌ಐಆರ್, ಸ್ಥಳ ಮಹಜರು, ನಕಾಶೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ (ಎಲ್ಲರೂ ಐಎಂವಿ ರಿಪೋರ್ಟ್ ಎನ್ನುತ್ತಾರೆ), ಗಾಯದ ಪ್ರಮಾಣಪತ್ರ, ಸಾವಾಗಿದ್ದರೆ ಶವ ಪಂಚನಾಮೆ ಹಾಗೂ ಮರಣೋತ್ತರ ವರದಿ, ಕಲಂ 133ರ ನೋಟಿಸಿಗೆ ಲಾರಿ ಮಾಲೀಕ ಕೊಟ್ಟ ಉತ್ತರ, ಕೊನೆಗೆ ಚಾರ್ಜ್‌ಶೀಟ್. 133ರ ಉತ್ತರವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ದಿನ ಆ ಹೊತ್ತಿಗೆ ಲಾರಿ ಓಡಿಸುತ್ತಿದ್ದವನು ಯಾರು ಎಂದು ಮಾಲೀಕನೇ ಬರೆದುಕೊಟ್ಟ ಕಾಗದ ಅದು. ಆಮೇಲೆ "ನಮ್ಮ ಗಾಡಿ ಅಲ್ಲಿರಲೇ ಇಲ್ಲ" ಎನ್ನಲು ಅವನಿಗೆ ಬಾಯಿ ಇರುವುದಿಲ್ಲ.

ಐಎಂವಿ ವರದಿಯಲ್ಲಿ ಎರಡು ಕಡೆ ಕಣ್ಣಿಡಿ: ಬ್ರೇಕು ಸರಿಯಿತ್ತೇ, ಮತ್ತು ಎರಡೂ ವಾಹನಗಳ ಜಖಂ ಒಂದಕ್ಕೊಂದು ಹೊಂದುತ್ತದೆಯೇ. ಬೈಕಿನ ಹಿಂಭಾಗ ಜಜ್ಜಿದೆ, ಲಾರಿಯ ಮುಂದಿನ ಎಡ ಬಂಪರ್ ಡೊಂಕಾಗಿದೆ ಎಂದರೆ ಕಥೆ ಕೂಡಿಕೊಳ್ಳುತ್ತದೆ. ಲಾರಿಗೆ "ಯಾವ ಜಖಂ ಇಲ್ಲ" ಎಂದಿದ್ದರೆ ಆ ಕುರಿತ ಪ್ರಶ್ನೆಗೆ ಈಗಿನಿಂದಲೇ ತಯಾರಾಗಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಸವಾರ ಸ್ಥಳದಲ್ಲೇ ಸತ್ತಾಗ ಕೆಲವೊಮ್ಮೆ ಸತ್ತವನ ಮೇಲೇ ತಪ್ಪು ಹೊರಿಸಿ "ಅಬೇಟೆಡ್" (ಆರೋಪಿ ಸತ್ತದ್ದರಿಂದ ಕೇಸು ಮುಗಿದಿದೆ ಎನ್ನುವ) ಚಾರ್ಜ್‌ಶೀಟ್ ಹಾಕಿ ಕಡತ ಮುಚ್ಚುತ್ತಾರೆ. ಲಾರಿಯವನ ಮಾತು ಮಾತ್ರ ದಾಖಲಾಗಿ, ಸತ್ತವನ ಪರ ಮಾತಾಡಲು ಯಾರೂ ಇಲ್ಲದಾಗ ಹೀಗಾಗುತ್ತದೆ. ತನಿಖೆ ನಡೆಯುತ್ತಿರುವಾಗಲೇ ಕಣ್ಣಾರೆ ಕಂಡವರ ಹೇಳಿಕೆ ದಾಖಲಿಸಿ ಎಂದು ಎಸ್‌ಪಿ ಕಚೇರಿಗೆ ಅರ್ಜಿ ಕೊಡಿ. ಚಾರ್ಜ್‌ಶೀಟ್ ಬಂದುಬಿಟ್ಟಿದ್ದರೂ ನ್ಯಾಯಮಂಡಳಿ ಅದಕ್ಕೆ ಕಟ್ಟುಬಿದ್ದಿಲ್ಲ. ಅಲ್ಲಿ ಬೇಕಾಗುವುದು ಸಂಭವನೀಯತೆಯ ತೂಕ, ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತ ಸಾಕ್ಷ್ಯವಲ್ಲ. ಸ್ವತಂತ್ರ ಸಾಕ್ಷಿ ಒಬ್ಬರಿದ್ದರೆ 166ರಲ್ಲಿ ಹೋರಾಡಬಹುದು, ಇಲ್ಲದಿದ್ದರೆ 164 ಇದ್ದೇ ಇದೆ.

## ಹಂತ 5: ವಯಸ್ಸು, ಆದಾಯ, ಗಾಯ

ಪರಿಹಾರದ ಮೊತ್ತ ಈ ಮೂರರ ಮೇಲೆ ನಿಂತಿದೆ.

ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲಾ ವರ್ಗಾವಣೆ ಪತ್ರ ಕೊಡಿ. ಆಧಾರ್ ವಯಸ್ಸಿನ ನಿರ್ಣಾಯಕ ಪುರಾವೆ ಅಲ್ಲ, ಶಾಲೆಯ ದಾಖಲೆಗೆ ಹೆಚ್ಚು ಬೆಲೆ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಧಾರಿನಲ್ಲಿ ಅಂದಾಜಿಗೆ ಹಾಕಿದ ಜನವರಿ 1ರ ಜನ್ಮದಿನ ನಿಮ್ಮನ್ನು ಮುಂದಿನ ವಯೋಗುಂಪಿಗೆ ತಳ್ಳಿದರೆ ಲಕ್ಷ ರೂಪಾಯಿ ಹೆಚ್ಚುಕಡಿಮೆ ಆಗುತ್ತದೆ.

ಆದಾಯಕ್ಕೆ ಸಂಬಳದ ಚೀಟಿ, ಐಟಿ ರಿಟರ್ನ್ಸ್, ಬ್ಯಾಂಕ್ ಪಾಸ್‌ಬುಕ್. ಕೃಷಿಕರಾದರೆ ಪಹಣಿಯ ಜೊತೆಗೆ ಹಾಲಿನ ಡೇರಿ ಪಾಸ್‌ಬುಕ್, ರೇಷ್ಮೆಗೂಡು ಮಾರಿದ ಚೀಟಿ, ಎಪಿಎಂಸಿ ರಸೀದಿ. ಬರೀ ಪಹಣಿ ಕೊಟ್ಟರೆ "ಭೂಮಿ ಹಾಗೇ ಇದೆಯಲ್ಲ, ನಷ್ಟ ಏನು?" ಎಂಬ ಪ್ರಶ್ನೆ ಬರುತ್ತದೆ. ದಾಖಲೆ ಏನೂ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗೆಂದು ವರ್ಷವಾರು ಮಾಡಿಟ್ಟ ಕಾಲ್ಪನಿಕ ಆದಾಯದ ಪಟ್ಟಿಯನ್ನೇ ನಮ್ಮ ಕೋರ್ಟುಗಳು ಹೆಚ್ಚಾಗಿ ಹಿಡಿಯುತ್ತವೆ. ಗಾರೆ ಕೆಲಸದವರು ತಿಂಗಳಿಗೆ 30 ಸಾವಿರ ದುಡಿಯುತ್ತಿದ್ದರೂ ಪುರಾವೆ ಇಲ್ಲದಿದ್ದರೆ ಆ ಪಟ್ಟಿಯ ಮೊತ್ತವೇ ಗತಿ. ಮೇಸ್ತ್ರಿ ಯುಪಿಐ ಮೂಲಕ ಕೂಲಿ ಹಾಕಿದ್ದರೆ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ.

ಗಾಯದ ಕೇಸಿನಲ್ಲಿ ಡಿಸ್ಚಾರ್ಜ್ ಸಾರಾಂಶ, ಎಕ್ಸ್-ರೇ ಫಿಲಂ, ಔಷಧಿಯ ಪ್ರತಿ ಬಿಲ್ಲು, ಅದರ ಜೊತೆ ಡಾಕ್ಟರ ಚೀಟಿ. ಚೀಟಿ ಇಲ್ಲದ ಬಿಲ್ಲು ನಿಲ್ಲುವುದಿಲ್ಲ. ಥರ್ಮಲ್ ಕಾಗದದ ಬಿಲ್ಲುಗಳು ಒಂದು ವರ್ಷದಲ್ಲಿ ಅಳಿಸಿಹೋಗುತ್ತವೆ, ಅಂದೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ ಮಾಡಿ.

## ಹಂತ 6: ಎಷ್ಟು ಕೇಳಬೇಕು? ಲೆಕ್ಕ ನೀವೇ ಹಾಕಿ ನೋಡಿ

ಸಾವಿನ ಕೇಸಿನ ಲೆಕ್ಕಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪು ಆಧಾರ: 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ. 34 ವರ್ಷದ ಆಟೊ ಚಾಲಕ, ತಿಂಗಳ ಆದಾಯ 15,000, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದುಕೊಳ್ಳೋಣ.

ವರ್ಷದ ಆದಾಯ 1,80,000. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಭವಿಷ್ಯದ ಏರಿಕೆ ಎಂದು ಶೇ 40 ಸೇರುತ್ತದೆ (40ರಿಂದ 50ಕ್ಕೆ ಶೇ 25, 50ರಿಂದ 60ಕ್ಕೆ ಶೇ 10, ಕಾಯಂ ನೌಕರರಿಗೆ ಕ್ರಮವಾಗಿ 50, 30, 15). ಒಟ್ಟು 2,52,000. ಅವಲಂಬಿತರು ನಾಲ್ವರು, ಆದ್ದರಿಂದ ಸತ್ತವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು. ಇಬ್ಬರು ಮೂವರಿದ್ದರೆ ಮೂರನೇ ಒಂದು, ಮದುವೆಯಾಗದವರಾದರೆ ಅರ್ಧ. ಉಳಿದದ್ದು 1,89,000. 31ರಿಂದ 35 ವರ್ಷಕ್ಕೆ ಗುಣಕ (ವಯಸ್ಸಿಗೆ ತಕ್ಕಂತೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ) 16. ಗುಣಿಸಿದರೆ 30,24,000.

ಇದಕ್ಕೆ ಆಸರೆ ಕಳೆದುಕೊಂಡದ್ದಕ್ಕೆ ತಲಾ 40,000, ಸತ್ತವರು ಕೂಡಿಡಬಹುದಾಗಿದ್ದ ಆಸ್ತಿಯ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000. ಇವು 2017ರ ಅಂಕಿಗಳು, ಮೂರು ವರ್ಷಕ್ಕೊಮ್ಮೆ ಶೇ 10 ಏರಬೇಕು. ಎರಡು ಸಲ ಏರಿಸಿದರೆ 48,400, 18,150, 18,150. ನಾಲ್ವರಿಗೂ ಸೇರಿ 2,29,900. ಒಟ್ಟು 32,53,900, ಬಡ್ಡಿ ಬೇರೆ.

ಗುಣಕದ ಉಳಿದ ಮೆಟ್ಟಿಲು: 15ರಿಂದ 25 ವರ್ಷಕ್ಕೆ 18, 30ರವರೆಗೆ 17, 40ರವರೆಗೆ 15, 45ರವರೆಗೆ 14, 50ರವರೆಗೆ 13, 55ರವರೆಗೆ 11, 60ರವರೆಗೆ 9, 65ರವರೆಗೆ 7, ಆಮೇಲೆ 5.

ಗಾಯದ ಕೇಸಿನಲ್ಲಿ ಎಡವುವುದು ಅಂಗವೈಕಲ್ಯದ ಶೇಕಡಾದಲ್ಲಿ. ಡಾಕ್ಟರು "ಕಾಲಿಗೆ ಶೇ 45, ಇಡೀ ದೇಹಕ್ಕೆ ಶೇ 15" ಎಂದು ಬರೆಯುತ್ತಾರೆ. ಕೋರ್ಟು ನೋಡಬೇಕಾದದ್ದು ಅದರಿಂದ ದುಡಿಮೆ ಎಷ್ಟು ಕುಗ್ಗಿತು ಎಂಬುದನ್ನು. 2010ರ ರಾಜ್‌ಕುಮಾರ್ ತೀರ್ಪು ಹೇಳುವುದು ಇದನ್ನೇ. 28 ವರ್ಷದ ಗಾರೆ ಕೆಲಸಗಾರ ಸಾರವೆ ಹತ್ತಲಾಗದೆ ಹೋದರೆ ಶೇ 15 ಅವನಿಗೆ ಅನ್ಯಾಯ. 15,000 ಆದಾಯ, ಗುಣಕ 17ರಲ್ಲಿ ಶೇ 15 ಎಂದರೆ 4,59,000, ಶೇ 30 ಎಂದರೆ 9,18,000. ಈ ವ್ಯತ್ಯಾಸ ಗಿಟ್ಟಬೇಕಾದರೆ ಡಾಕ್ಟರು ಸಾಕ್ಷಿ ಹೇಳುವಾಗ "ಕುಕ್ಕರಗಾಲಲ್ಲಿ ಕೂರಲಾಗದು, ಭಾರ ಹೊರಲಾಗದು, ಏಣಿ ಹತ್ತಲಾಗದು" ಎಂದು ಬಿಡಿಸಿ ಹೇಳಿರಬೇಕು. ಮೂಳೆ ಕೂಡುವ ಮೊದಲೇ ಸರ್ಟಿಫಿಕೇಟ್ ಮಾಡಿಸಬೇಡಿ. ರಾಡು, ಪ್ಲೇಟು ತೆಗೆಸುವ ಮುಂದಿನ ಆಪರೇಷನ್ನಿನ ಖರ್ಚಿಗೂ ಅಂದಾಜು ಪತ್ರ ಪಡೆಯಿರಿ. ಇದರ ಜೊತೆ ನೋವು, ದುಡಿಯಲಾಗದೆ ಮಲಗಿದ ತಿಂಗಳುಗಳ ಆದಾಯ, ನೋಡಿಕೊಂಡವರ ಖರ್ಚು, ಓಡಾಟ, ವಿಶೇಷ ಆಹಾರ, ಬದುಕಿನ ಸುಖ ಕಳೆದದ್ದು ಎಂದು ಬೇರೆ ಬೇರೆ ಬಾಬ್ತಿನಲ್ಲಿ ಕೇಳಬೇಕು.

## ಹಂತ 7: ಅರ್ಜಿ — ಆರು ತಿಂಗಳೊಳಗೆ

ಕಲಂ 166(3)ರ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ. ಚಾರ್ಜ್‌ಶೀಟ್ ಬರದಿದ್ದರೂ ಎಫ್‌ಐಆರ್, ಮಹಜರು ಇಟ್ಟು ಅರ್ಜಿ ಹಾಕಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು. ಬಡ್ಡಿ ಲೆಕ್ಕವಾಗುವುದೂ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ.

ಎಲ್ಲಿ ಹಾಕಬೇಕು? ಅಪಘಾತವಾದ ಊರು, ನೀವು ವಾಸಿಸುವ ಅಥವಾ ವ್ಯವಹಾರ ಮಾಡುವ ಊರು, ಎದುರುದಾರರು ಇರುವ ಊರು — ಮೂರರಲ್ಲಿ ಯಾವುದಾದರೂ ಸರಿ. ಕೊಲ್ಹಾಪುರದ ಹತ್ತಿರವೋ ಕೃಷ್ಣಗಿರಿಯಲ್ಲೋ ಲಾರಿ ಗುದ್ದಿದರೂ ನಿಮ್ಮೂರಿನ ಕೋರ್ಟಿನಲ್ಲೇ ಹಾಕಬಹುದು. ಮರಾಠಿ, ತಮಿಳಿನ ಪೊಲೀಸ್ ದಾಖಲೆಗಳನ್ನು ಮಾತ್ರ ಅನುವಾದ ಮಾಡಿಸಬೇಕು. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟುಗಳು ಈ ನ್ಯಾಯಮಂಡಳಿಯ ಕೆಲಸ ಮಾಡುತ್ತವೆ. ಬೇರೆ ಕಡೆ ಜಿಲ್ಲಾ ನ್ಯಾಯಾಧೀಶರು ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರು. ಕೇಸಿಗೆ ಎಂವಿಸಿ ನಂಬರು ಬೀಳುತ್ತದೆ.

ಅರ್ಜಿದಾರರ ಪಟ್ಟಿಯಲ್ಲಿ ಹೆಂಡತಿ ಮಕ್ಕಳ ಜೊತೆ ಸತ್ತವರ ತಂದೆ ತಾಯಿ ಹೆಸರೂ ಇರಲಿ. ಮನೆಯ ಮನಸ್ತಾಪಕ್ಕೆ ಅತ್ತೆಯನ್ನು ಬಿಟ್ಟು ಅರ್ಜಿ ಹಾಕಿ, ಆಮೇಲೆ ಅವರು ಬೇರೆ ಅರ್ಜಿ ಹಾಕಿ ವರ್ಷಗಟ್ಟಲೆ ಎಳೆದಾಡುವುದು ಸಾಮಾನ್ಯ. ವಂಶವೃಕ್ಷ ಮಾಡಿಸಿಟ್ಟುಕೊಳ್ಳಿ. ಎದುರುದಾರರಾಗಿ ಲಾರಿ ಮಾಲೀಕ, ವಿಮಾ ಕಂಪನಿ ಇರಲೇಬೇಕು. ಬಸ್ಸು ಲಾರಿ ಎರಡೂ ಗುದ್ದಿಕೊಂಡು ಬಸ್ಸಿನ ಪ್ರಯಾಣಿಕರಿಗೆ ಪೆಟ್ಟಾಗಿದ್ದರೆ ಎರಡೂ ಕಡೆಯವರನ್ನು ಸೇರಿಸುವುದು ಕ್ಷೇಮ. ಪ್ರಯಾಣಿಕರದು ತಪ್ಪೇನಿಲ್ಲವಾದ್ದರಿಂದ ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಒಬ್ಬರಿಂದಲೇ ವಸೂಲಿ ಮಾಡಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರ ಫೀಸು ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಗೊತ್ತು ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಆಸ್ಪತ್ರೆ ಬಾಗಿಲಲ್ಲಿ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವರನ್ನು ದೂರ ಇಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

## ಹಂತ 8: ಸಾಕ್ಷಿಕಟ್ಟೆ

ನಿಮ್ಮ ಮುಖ್ಯ ವಿಚಾರಣೆ ಅಫಿಡವಿಟ್ ಮೂಲಕ ನಡೆಯುತ್ತದೆ. ಅದರಲ್ಲಿ ಏನಿದೆ ಎಂದು ಓದಿಸಿಕೊಂಡೇ ಸಹಿ ಮಾಡಿ. ದೂರು, ಆಸ್ಪತ್ರೆ ದಾಖಲೆ, ಅಫಿಡವಿಟ್ ಮೂರರಲ್ಲೂ ಸಮಯ, ದಿಕ್ಕು, ವಾಹನ ಒಂದೇ ಆಗಿರಬೇಕು. ಅಪಘಾತ ಕಣ್ಣಾರೆ ನೋಡದ ಹೆಂಡತಿ ಅಥವಾ ತಂದೆ "ನಾನು ನೋಡಿದೆ" ಎನ್ನುವುದು ಬೇಡ. ಕಂಡವರನ್ನೇ ಕರೆಸಿ.

ಹೆಲ್ಮೆಟ್ ಇರಲಿಲ್ಲ, ಮೂವರು ಕೂತಿದ್ದರು, ಸವಾರನಿಗೆ ಡಿಎಲ್ ಇರಲಿಲ್ಲ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಸುಳ್ಳು ಹೇಳಬೇಡಿ. ಮೂವರು ಕೂತದ್ದಾಗಲಿ, ಡಿಎಲ್ ಇಲ್ಲದ್ದಾಗಲಿ ಅಪಘಾತಕ್ಕೆ ಕಾರಣವಾಗದಿದ್ದರೆ ಅಷ್ಟರಿಂದಲೇ ಪರಿಹಾರ ಕತ್ತರಿಸುವಂತಿಲ್ಲ. ತಲೆಗೆ ಪೆಟ್ಟಾದ ಕೇಸಿನಲ್ಲಿ ಹೆಲ್ಮೆಟ್ ಇರದಿದ್ದರೆ ಮಾತ್ರ ಒಂದಿಷ್ಟು ಕಡಿತ ನಿರೀಕ್ಷಿಸಿ.

ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಡಾಕ್ಟರ ಸಾಕ್ಷ್ಯಕ್ಕೆ ಎರಡು ತಾರೀಖು ತಪ್ಪಿದರೆ ಅವಕಾಶ ಮುಗಿಯಿತೆಂದು ಬರೆದುಬಿಡಬಹುದು, ಅದರ ಮೇಲೆ ನೀವೇ ಕಣ್ಣಿಡಿ.

## ಹಂತ 9: ರಾಜಿಗೆ ಕರೆದಾಗ

ಲೋಕ ಅದಾಲತ್‌ನಲ್ಲಿ ಒಪ್ಪಿದರೆ ಹಣ ಬೇಗ ಬರುತ್ತದೆ, ಆದರೆ ಮೇಲ್ಮನವಿ ಇಲ್ಲ. ಹಂತ 6ರ ಲೆಕ್ಕ ಕೈಯಲ್ಲಿ ಹಿಡಿದು ಹೋಗಿ. ಇನ್ನೊಂದು ಆಪರೇಷನ್ ಬಾಕಿ ಇದ್ದಾಗ, ಅಥವಾ ಹೇಳಿದ ಮೊತ್ತದಲ್ಲಿ ಬಡ್ಡಿ ಸೇರಿದೆಯೋ ಇಲ್ಲವೋ ಎಂದು ಸ್ಪಷ್ಟವಾಗದಾಗ ಒಪ್ಪಬೇಡಿ. "ಎಲ್ಲಾ ಸೇರಿ" ಎಂಬ ಎರಡು ಪದದಲ್ಲಿ ಮೂರು ವರ್ಷದ ಬಡ್ಡಿ ಮಾಯವಾಗುತ್ತದೆ.

## ಹಂತ 10: ಅವಾರ್ಡ್ ಬಂದ ಮೇಲೆ

ಆದೇಶವಾದ 30 ದಿನದೊಳಗೆ ಹಣ ಠೇವಣಿಯಾಗಬೇಕು. ಕರ್ನಾಟಕದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ 6ರ ಬಡ್ಡಿ ಕಾಣುತ್ತದೆ. ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಪ್ಯಾನ್, ಆಧಾರ್ ವಿವರವನ್ನು ನೇರವಾಗಿ ಕೋರ್ಟಿಗೆ ಕೊಡಿ, ಬೇರೆಯವರ ಖಾತೆ ಬೇಡ. ಒಂದು ಪಾಲು ನಿಶ್ಚಿತ ಠೇವಣಿಗೆ ಹೋಗಬಹುದು. ಅಪ್ರಾಪ್ತ ಮಕ್ಕಳ ಪಾಲು 18 ತುಂಬುವವರೆಗೆ ಬ್ಯಾಂಕಿನಲ್ಲೇ ಇರುತ್ತದೆ. ಮಗುವಿನ ಫೀಸಿಗೋ ಚಿಕಿತ್ಸೆಗೋ ಬೇಕಾದರೆ ಕಾರಣ ಬರೆದು ಅರ್ಜಿ ಹಾಕಿ ತೆಗೆಯಬಹುದು.

ಠೇವಣಿ ಬಾರದಿದ್ದರೆ ಆದೇಶ ಜಾರಿ ಮಾಡಿಸಲು ಎಕ್ಸಿಕ್ಯೂಷನ್ ಅರ್ಜಿ. ಮೊತ್ತ ಕಡಿಮೆಯಾಗಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ, ಅಲ್ಲಿ ಅದಕ್ಕೆ ಎಂಎಫ್‌ಎ ಎನ್ನುತ್ತಾರೆ. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಬಂದ ಹಣ ಪಡೆದುಕೊಂಡರೆ ಮೇಲ್ಮನವಿಯ ಹಕ್ಕು ಹೋಗುತ್ತದೆ ಎಂಬುದು ಸುಳ್ಳು. ವಿಮಾ ಕಂಪನಿಯೇ ಮೇಲ್ಮನವಿ ಹಾಕಿ ನಿಮಗೆ ನೋಟಿಸ್ ಬಂದರೆ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ನೋಟಿಸ್ ತಲುಪಿದ ಒಂದು ತಿಂಗಳೊಳಗೆ ಅದೇ ಕೇಸಿನಲ್ಲಿ ಪ್ರತಿ-ಆಕ್ಷೇಪಣೆ ಹಾಕಿ ಹೆಚ್ಚಿನ ಪರಿಹಾರ ಕೇಳಬಹುದು, 90 ದಿನದ ಗಡುವು ಆಗಲೇ ಕಳೆದುಹೋಗಿದ್ದರೂ.